ಗುಡ್ಡ ಹತ್ತಿಸಿ ವರ ನೋಡಿದವರು

ನನ್ನ ಮಾವನವರಿಗೆ ಏನನ್ನೇ ಕಂಡರೂ ಬೆರಳಿನ ಗೆಣ್ಣಿನಿಂದ ಬಡಿದು ನೋಡುವ ಅಭ್ಯಾಸವಿತ್ತು. ಕಂಪ್ಲಿಯಲ್ಲಿ ಅವರದು ಪಾತ್ರೆ ಅಂಗಡಿ. ಹಿತ್ತಾಳೆ ಕೊಡವನ್ನು ಎಡಗೈಯಲ್ಲಿ ತೂಗಿ ಹಿಡಿದು, ಬಲಗೈಯ ಗೆಣ್ಣಿನಿಂದ ಒಮ್ಮೆ ಬಡಿದು, ಕಿವಿ ವಾಲಿಸಿ ಕೇಳಿ, "ಒಡಕಿಲ್ಲ, ಒಯ್ರಿ" ಅನ್ನುತ್ತಿದ್ದರು. ಅಂಗಡಿಯಲ್ಲಿ ಅಂಟಿದ ಚಾಳಿ ಹೊರಗೂ ಬಿಡಲಿಲ್ಲ. ಬಸ್ಸು ಹತ್ತುವ ಮುಂಚೆ ಅದರ ತಗಡು ಬಡಿಯುವರು. ಹಂಪಿಗೆ ಹೋದರೆ ಗುಡಿಯ ಕಂಬ ಬಡಿಯಲು ಕೈ ಎತ್ತುವರು, ಕಾವಲುಗಾರ ಸೀಟಿ ಊದುವನು. ನಾನು ಅವರ ಮನೆಗೆ ಮೊದಲ ಸಲ ಹೋಗಿ ನಮಸ್ಕಾರಕ್ಕೆಂದು ಬಗ್ಗಿದಾಗ ನನ್ನ ಬೆನ್ನಿನ ಮೇಲೂ ಒಂದು ಏಟು ಬಿತ್ತು. ಅದು ಆಶೀರ್ವಾದ ಎಂದುಕೊಂಡು ಇನ್ನಷ್ಟು ಬಗ್ಗಿದೆ. ಆಶೀರ್ವಾದ ಅಲ್ಲ, ಪರೀಕ್ಷೆ ಎಂದು ಆಮೇಲೆ ತಿಳಿಯಿತು. ಅವತ್ತು ಅವರಿಗೆ ಏನು ಕೇಳಿಸಿತೋ, ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಗಣಿಯ ಭರಾಟೆ ಜೋರಾಗಿದ್ದ ವರ್ಷಗಳು ಅವು. ಹೊಸಪೇಟೆಯಲ್ಲಿ ಒಣಹಾಕಿದ ಬಟ್ಟೆಯಿಂದ ಹಿಡಿದು ಹೋಟೆಲಿನ ಇಡ್ಲಿಯವರೆಗೆ ಎಲ್ಲಕ್ಕೂ ಕೆಂಪು ಬಣ್ಣ. ನಮ್ಮಣ್ಣನೂ ನಾನೂ ಸೇರಿ ಟಿಪ್ಪರ್ ಲಾರಿಗಳನ್ನು ಇಟ್ಟಿದ್ದೆವು, ಸಂಡೂರಿನ ಗುಡ್ಡಗಳಿಂದ ಅದಿರು ಹೊರುತ್ತಿದ್ದವು. ಲೆಕ್ಕಪತ್ರ, ಡ್ರೈವರುಗಳು, ಟಯರು, ಎಲ್ಲವನ್ನೂ ನೋಡಿಕೊಳ್ಳುತ್ತಿದ್ದವನು ಅಣ್ಣ. ನಾನು ರಸ್ತೆ ಬದಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತು ನಮ್ಮ ಲಾರಿ ಹೋಗುವುದನ್ನು ನೋಡುತ್ತಿದ್ದೆ. ಇದನ್ನೇ ನಾನು ಬಿಸಿನೆಸ್ ಎಂದು ಕರೆಯುತ್ತಿದ್ದೆ. ಕೊರಳಲ್ಲಿ ಎತ್ತಿಗೆ ಕಟ್ಟಬಹುದಾದಂಥ ಬಂಗಾರದ ಸರ, ಕಣ್ಣಿಗೆ ಕಪ್ಪು ಕನ್ನಡಕ, ಕಾಲಿಗೆ ಬಿಳಿ ಶೂ. ಆ ಬಿಳಿ ಶೂ ಸಂಜೆಯೊಳಗೆ ಇಟ್ಟಂಗಿ ಬಣ್ಣಕ್ಕೆ ತಿರುಗುತ್ತಿತ್ತು, ಅವ್ವ ಬೈದುಕೊಳ್ಳುತ್ತಾ ತೊಳೆದಿಡುತ್ತಿದ್ದಳು. ಸೊಂಟಕ್ಕೆ ಮೊಬೈಲಿನ ಚೀಲ. ಮಾತು ನಿಂತಾಗಲೆಲ್ಲ ಅದನ್ನು ತೆಗೆದು, ಯಾರೂ ಕರೆಯದಿದ್ದರೂ "ಹಲೋ" ಅನ್ನುತ್ತಿದ್ದೆ.

ಇಂಥ ನನಗೆ ಕಂಪ್ಲಿಯ ಸಂಬಂಧವನ್ನು ತಂದವಳು ದೊಡ್ಡಮ್ಮ. ಹುಡುಗಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ, ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡಳು, ತಂದೆಯೇ ಜಡೆ ಹೆಣೆದು ಬುತ್ತಿ ಕಟ್ಟಿ ಬೆಳೆಸಿದ್ದಾರೆ ಎಂದೆಲ್ಲ ಹೇಳಿ, ಕೊನೆಗೆ ಸ್ವಲ್ಪ ತಡವರಿಸಿದಳು.

"ಒಂದು ಮಾತು ಐತಪಾ. ಅಲ್ಲಿ ಹೆಣ್ಣು ನೋಡಾಕ ಹೋದ್ರ ಉಪ್ಪಿಟ್ಟು ಕೊಡೂದಿಲ್ಲಂತ. ಗುಡ್ಡ ಹತ್ತಸ್ತಾರಂತ."

"ಯಾರನ್ನ?"

"ವರನ್ನ."

ಊರಿಗೆಲ್ಲ ಗೊತ್ತಿದ್ದ ಸಂಗತಿ ಅದು. ಪಾತ್ರೆ ಅಂಗಡಿಯ ಸಾಹುಕಾರರಿಗೆ, ಅಂದರೆ ಮುಂದೆ ನನ್ನ ಮಾವನವರಾದವರಿಗೆ, ಗುಡ್ಡ ಸುತ್ತುವ ಹುಚ್ಚು. ಭಾನುವಾರ ಅಂಗಡಿಗೆ ಬೀಗ ಹಾಕಿ, ದರೋಜಿ ಕಡೆಯ ಬಂಡೆಗುಡ್ಡಗಳಲ್ಲಿ ಕುರಿಗಾಹಿಗಳ ಕಾಲುದಾರಿ ಹಿಡಿದು ದಿನವಿಡೀ ನಡೆಯುವರು. ಮಗಳೂ ಜೊತೆಗೆ. ಆಕೆಗೆ ವರ ಹುಡುಕುವ ಕಾಲ ಬಂದಾಗ ವರನನ್ನೂ ಅಲ್ಲಿಗೇ ಕರೆದೊಯ್ಯುವುದೆಂದು ನಿಶ್ಚಯಿಸಿದರು. ಅವರ ವಾದ ಸರಳವಾಗಿತ್ತು: "ಫ್ಯಾನಿನ ಕೆಳಗ ಕುಂದ್ರಿಸಿ ಚಾ ಕೊಟ್ರ ಎಲ್ಲಾರೂ ಚಲೋನ ಕಾಣ್ತಾರ. ಬಿಸಿಲಾಗ ನಡಸ್ರಿ, ನೀರು ಮುಗೀಲಿ. ಅವಾಗ ಒಳಗಿನ ಮನುಷ್ಯಾ ತಾನ ಹೊರಗ ಬರ್ತಾನ."

ನನಗಿಂತ ಮುಂಚೆ ಹೋದವರಲ್ಲಿ ಅಕ್ಕಿ ಗಿರಣಿಯವರ ಮಗನೊಬ್ಬ ಅರ್ಧ ಗುಡ್ಡದಲ್ಲಿ ಕುಳಿತು, ಜೀಪು ತರಿಸಿ ಎಂದು ಹಟ ಹಿಡಿದನಂತೆ. ಜೀಪು ಹತ್ತುವ ದಾರಿಯಲ್ಲ ಅದು. ಇನ್ನೊಬ್ಬ ಲೆಕ್ಚರರು ಹತ್ತುವಾಗಿನಿಂದ ಇಳಿಯುವವರೆಗೆ ತನ್ನ ಬಗ್ಗೆಯೇ ಮಾತಾಡಿದನಂತೆ. ಸಾಹುಕಾರರು ಅವನನ್ನು ಬಸ್ಸು ಹತ್ತಿಸಿ ಬಂದು ಸಂಜೆಯವರೆಗೆ ಕಿವಿ ತಿಕ್ಕಿಕೊಳ್ಳುತ್ತಿದ್ದರಂತೆ. ಇದನ್ನೆಲ್ಲ ಕೇಳಿ ನಾನು ನಕ್ಕೆ. ಗುಡ್ಡ ಅಂದರೆ ಏನು? ನಮ್ಮ ಲಾರಿಗಳು ದಿನಾ ಹತ್ತುತ್ತಿದ್ದವು. ಆ ಅನುಭವವೆಲ್ಲ ನನ್ನದೇ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ.

ಶಿವರಾತ್ರಿ ಕಳೆದ ಮೇಲಿನ ಒಂದು ಭಾನುವಾರ. ನಸುಕಿಗೇ ಕಂಪ್ಲಿ ತಲುಪಿದೆ. ಸಾಹುಕಾರರು ಬಾಗಿಲಲ್ಲೇ ನಿಂತಿದ್ದರು. ಕುಳ್ಳಗಿನ ಗಟ್ಟಿ ಆಳು, ಹಣೆಗೆ ವಿಭೂತಿ, ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ, ಮೇಲಕ್ಕೆ ಎತ್ತಿ ಕಟ್ಟಿದ ಧೋತರ, ಕಾಲಲ್ಲಿ ಹಳೆಯ ಟಯರಿನ ಚಪ್ಪಲಿ. ನನ್ನ ಬಿಳಿ ಶೂ ನೋಡಿದರು. ಕನ್ನಡಕ ನೋಡಿದರು. ಸರ ನೋಡಿದರು.

"ಮದುವಿಗೆ ಹೊಂಟೀರೇನ್ರಿ?" ಎಂದರು.

ಒಳಗಿನಿಂದ ಯಾರೋ ಕಿಸಕ್ಕನೆ ನಕ್ಕರು. ಅದೇ ನಾನು ಕೇಳಿದ ಆಕೆಯ ಮೊದಲ ದನಿ.

ಬಸ್ ಸ್ಟ್ಯಾಂಡಿನ ಹತ್ತಿರ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದೆವು. ಹೆದರಿಕೆಯಾದಾಗ ತಿನ್ನುವುದು ನನ್ನ ಸ್ವಭಾವ. ಮಿರ್ಚಿಯ ಮೇಲೆ ಮಿರ್ಚಿ ತಿಂದೆ. "ಸಾಕು ಮಾಡ್ರಿ, ಮ್ಯಾಲ ನೀರು ಸಿಗಂಗಿಲ್ಲ" ಎಂದು ಸಾಹುಕಾರರು ಎಚ್ಚರಿಸಿದರು. "ನನಗ ನೀರು ಅಷ್ಟು ಬೇಕಾಗಂಗಿಲ್ರಿ" ಎಂದೆ. ಆ ದಿನ ನಾನು ಆಡಿದ ಮಾತುಗಳಲ್ಲೆಲ್ಲ ಅತಿ ಮೂರ್ಖ ಮಾತು ಅದು ಎಂದು ಆಗ ಅನಿಸಿತ್ತು. ಸಂಜೆಯ ಹೊತ್ತಿಗೆ ಅದಕ್ಕೆ ಸಾಕಷ್ಟು ಪೈಪೋಟಿ ಹುಟ್ಟಿಕೊಂಡಿತು.

ಊರ ಕಡೆ ಕಾಲುವೆಯ ನೀರು, ಭತ್ತದ ಹಸಿರು. ಅದನ್ನು ದಾಟಿ ಸ್ವಲ್ಪ ದೂರ ಹೋದರೆ ಬೇರೆಯೇ ದೇಶ. ಬಂಡೆಯ ಮೇಲೆ ಬಂಡೆ, ನಡುವೆ ಕಾರೆಮುಳ್ಳು, ಜಾಲಿ, ಪಾಪಾಸುಕಳ್ಳಿ. ನೆರಳು ಎಂಬುದು ಬಂಡೆಯ ಬುಡದಲ್ಲಿ ಒಂದು ಗೇಣು. ಸಾಹುಕಾರರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ತಮ್ಮ ಹಿತ್ತಲಲ್ಲಿ ಅಡ್ಡಾಡಿದಂತೆ ಏರು ಹತ್ತುತ್ತಿದ್ದರು. ನಡುನಡುವೆ ಯಾವುದಾದರೂ ಬಂಡೆಯನ್ನು ಬಡಿದು, ಅದರ ದನಿ ಕೇಳಿ, ತಲೆಯಾಡಿಸಿ ಮುಂದೆ ಸಾಗುವರು. ಮಗಳು ತಲೆಗೆ ಟವೆಲು ಸುತ್ತಿ, ಕ್ಯಾನ್ವಾಸ್ ಶೂ ಹಾಕಿಕೊಂಡು, ಬುತ್ತಿಯ ಚೀಲ ಹೊತ್ತು ಅವರ ಹಿಂದೆ. ಚೀಲ ನಾನು ಹಿಡಿಯುತ್ತೇನೆ ಎಂದು ಗಂಡಸುತನ ತೋರಿಸಿದೆ. ಮೊದಲ ಏರು ಮುಗಿಯುವುದರೊಳಗೆ ಆಕೆ ಏನೂ ಮಾತಾಡದೆ ಅದನ್ನು ಮರಳಿ ತೆಗೆದುಕೊಂಡಳು.

ನನ್ನ ಬಾಟಲಿಯ ನೀರು ಅರ್ಧ ದಾರಿಗೇ ಖಾಲಿ. ಆಮೇಲೆ ಅವರ ಸ್ಟೀಲಿನ ಕ್ಯಾನಿನಿಂದ ಮುಚ್ಚಳದಲ್ಲಿ ಅಳೆದು ಕೊಟ್ಟರು. ಮೂರು ಜನಕ್ಕೂ ಸಮನಾದ ಅಳತೆ. ನಾನು ನನ್ನ ಪಾಲನ್ನು ಗುಟುಕರಿಸಿ, ಆಕೆಯ ಪಾಲನ್ನು ನೋಡುತ್ತಾ ನಿಂತಿರುತ್ತಿದ್ದೆ. ಆಕೆಗೆ ಅದು ಪ್ರೇಮದ ನೋಟವೆಂದು ಅನಿಸಿರಲಿ ಎಂದು ಈಗಲೂ ಹಾರೈಸುತ್ತೇನೆ.

ತುದಿಯಲ್ಲಿ ಒಂದು ಬಂಡೆಯ ಕೆಳಗೆ ಪುಟ್ಟ ಬಸವಣ್ಣ. ಅಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ ತಿಂದೆವು. ದೂರದಲ್ಲಿ ಸಂಡೂರಿನ ಕಡೆ ಆಕಾಶದ ಅಂಚಿನಲ್ಲಿ ಕೆಂಪು ಧೂಳು ಹೊಗೆಯ ಹಾಗೆ ಎದ್ದಿತ್ತು.

"ನಿಮ್ಮ ಲಾರಿ ಅಲ್ಲೇ ಅದಾವೇನ್ರಿ?" ಸಾಹುಕಾರರು ಕೇಳಿದರು.

ನನಗೆ ಜೀವ ಬಂತು. ಅದಿರು ಹೇಗೆ ತೆಗೆಯುತ್ತಾರೆ, ಬಂದರಿಗೆ ಹೇಗೆ ಹೋಗುತ್ತದೆ, ಹಡಗು ಹತ್ತಿ ಚೀನಾಕ್ಕೆ ಹೇಗೆ ಸೇರುತ್ತದೆ ಎಂದು ಸವಿಸ್ತಾರವಾಗಿ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ ಸಹಜವಾಗಿ, ತಿಳಿದುಕೊಳ್ಳುವ ಆಸೆಯಿಂದಲೇ ಕೇಳಿದರು:

"ಅಲ್ರಿ, ಚೀನಾದಾಗ ಗುಡ್ಡ ಇಲ್ಲೇನು?"

ನನಗೆ ಗೊತ್ತಿರಲಿಲ್ಲ. "ಇರಬೇಕ್ರಿ" ಎಂದೆ. ಮಗಳು ಮೊಸರನ್ನದ ಡಬ್ಬಿಯೊಳಗೆ ಮುಖ ಹುದುಗಿಸಿಕೊಂಡಳು. ನಾನು ಮೊಬೈಲು ತೆಗೆದು "ಹಲೋ" ಎಂದೆ. ಆ ಗುಡ್ಡದಲ್ಲಿ ಸಿಗ್ನಲ್ ಇಲ್ಲವೆಂಬುದು ಅವರಿಬ್ಬರಿಗೂ ಗೊತ್ತಿತ್ತು.

ಇಳಿಯುವಾಗ ನನ್ನ ಬಲಗಾಲಿನ ಶೂ ಬಾಯಿ ತೆರೆಯಿತು. ಬಿಸಿಲಿಗೆ ಗೋಂದು ಕರಗಿ ಅಟ್ಟೆ ಕಳಚಿಕೊಂಡಿತ್ತು. ಸಾಹುಕಾರರು ತಮ್ಮ ಟವೆಲಿನ ಅಂಚು ಹರಿದು ಅದನ್ನು ಕಟ್ಟಿದರು. ಕಟ್ಟುವಾಗ ಗೊಣಗಲಿಲ್ಲ, ನಗಲೂ ಇಲ್ಲ. "ನನ್ನ ಮದುವ್ಯಾಗ ನಂದೂ ಹಿಂಗ ಹರಿದಿತ್ತು" ಎಂದಷ್ಟೇ ಹೇಳಿದರು. ಅಷ್ಟರಲ್ಲಿ ನನಗೆ ಖಾತ್ರಿಯಾಗಿತ್ತು: ನಾನು ಫೇಲು. ನಿಜ ಹೇಳಬೇಕೆಂದರೆ ಅಷ್ಟು ಹೊತ್ತಿಗೆ ಆ ಹುಡುಗಿ ನನಗೆ ಬಹಳ ಹಿಡಿಸಿದ್ದಳು. ಆದ್ದರಿಂದ ಕಾಲಿಗಿಂತ ಹೆಚ್ಚಾಗಿ ಬೇರೆಲ್ಲೋ ನೋಯುತ್ತಿತ್ತು.

ಹೊತ್ತು ಇಳಿಯುತ್ತಿತ್ತು. ದಾರಿ ಒಂದೆಡೆ ಎರಡು ದೊಡ್ಡ ಬಂಡೆಗಳ ನಡುವೆ ಒಬ್ಬರೇ ನುಸುಳುವಷ್ಟು ಕಿರಿದಾಗಿತ್ತು. ಸಾಹುಕಾರರು ಮುಂದೆ ದಾಟಿ ಹೋದರು. ಅವರ ಹಿಂದೆ ನಾನು. ನನ್ನ ಹಿಂದೆ ಆಕೆ. ಸರಿಯಾಗಿ ಆ ಇಕ್ಕಟ್ಟಿನಲ್ಲಿ ನನ್ನ ಎಡ ಮೀನಖಂಡ ಹಿಡಿದುಕೊಂಡಿತು. ಯಾರೋ ಒಳಗಿನಿಂದ ನರವನ್ನು ಹಗ್ಗದಂತೆ ಹೊಸೆದ ಹಾಗೆ. ಬೀಳದಿರಲೆಂದು ಎರಡೂ ಕೈ ಚಾಚಿ ಎರಡೂ ಬಂಡೆಗಳನ್ನು ಹಿಡಿದು ನಿಂತೆ.

ಆಗ ಬಂಡೆಗಳಾಚೆ ದಾರಿಯ ಪಕ್ಕದ ಪೊದೆ ಅಲುಗಿತು. ಅದರಿಂದ ಕರಡಿ ಹೊರಬಂತು.

ಅದು ಬಂದದ್ದು ಸಾಹುಕಾರರಿಗೂ ನನಗೂ ನಡುವೆ. ಅದಕ್ಕೂ ನಮ್ಮ ನಿರೀಕ್ಷೆ ಇರಲಿಲ್ಲವೆಂದು ಕಾಣುತ್ತದೆ. ದೊಡ್ಡದಾಗಿ ಮೂಗಿನಿಂದ ಉಸಿರು ಬಿಟ್ಟು, ಹಿಂಗಾಲ ಮೇಲೆ ಎದ್ದು ನಿಂತಿತು. ಎದೆಯ ಮೇಲಿನ ಬಿಳಿ ಪಟ್ಟೆ ಕಾಣಿಸಿತು. ಉಗುರು ಕಾಣಿಸಿದವು. ಸದ್ದು ಕೇಳಿ ಸಾಹುಕಾರರು ತಿರುಗಿ ನೋಡಿದರು. ಒಂದು ಕ್ಷಣ ನಮ್ಮಿಬ್ಬರ ಕಣ್ಣು ಕೂಡಿದವು, ಕರಡಿಯ ಹೆಗಲಿನ ಆಚೆಯಿಂದ. ಮರುಕ್ಷಣ ಅವರು ಇರಲಿಲ್ಲ. ಇಳಿಜಾರಿನಲ್ಲಿ ಚಪ್ಪಲಿಯ ಸದ್ದು, ಮುಳ್ಳಿಗೆ ಧೋತರ ಹರಿದ ಸದ್ದು, ಆಮೇಲೆ ಏನೂ ಇಲ್ಲ.

ನಾನೂ ಓಡಬೇಕೆಂದಿದ್ದೆ. ನನ್ನ ಮೈಯಲ್ಲಿದ್ದ ಪ್ರತಿಯೊಂದು ಅಂಗವೂ ಓಡಲು ಸಿದ್ಧವಾಗಿತ್ತು, ಒಂದು ಕಾಲು ಬಿಟ್ಟು. ಆ ಕಾಲನ್ನು ಎತ್ತಲು ಹೋದೆ. ಪ್ರಾಣ ಹೋದಂತೆ ಆಯಿತು. "ಯವ್ವಾ, ಸತ್ತೆಪೋ" ಎಂದು ಕಿರುಚಿದೆ. ಆ ಕಿರುಚು ಬಂಡೆಗಳ ನಡುವೆ ಸಿಕ್ಕಿ ಹತ್ತಾರು ಜನ ಕೂಗಿದಂತೆ ಕೇಳಿಸಿತು. ಕರಡಿ ನನ್ನನ್ನು ನೋಡಿತು. ನನ್ನಂಥ ಪ್ರಾಣಿಯನ್ನು ಅದು ಹಿಂದೆ ಕಂಡಿರಲಿಕ್ಕಿಲ್ಲ. ನಾಲ್ಕೂ ಕಾಲನ್ನು ನೆಲಕ್ಕೆ ಊರಿ, ತಿರುಗಿ, ಬಂದ ಪೊದೆಯೊಳಗೇ ಹೊಕ್ಕು ಹೋಯಿತು.

ನಾನು ಇನ್ನೂ ಬಂಡೆ ಹಿಡಿದೇ ನಿಂತಿದ್ದೆ. ಹಿಂದಿನಿಂದ ಆಕೆ ಮೆಲ್ಲಗೆ, "ಹೋತೇನ್ರಿ?" ಎಂದು ಕೇಳಿದಳು. "ಹೋತು" ಎಂದು ಹೇಳಿ ಅಲ್ಲೇ ಕುಸಿದೆ.

ಸಾಹುಕಾರರು ಮರಳಿ ಬಂದರು. ಕೈಯಲ್ಲಿ ಒಂದು ಜಾಲಿಯ ಕೊಂಬೆ, ಕಾಲಲ್ಲಿ ಚಪ್ಪಲಿ ಇಲ್ಲ, ಧೋತರ ಚಿಂದಿ, ಮುಂಗಾಲು ತರಚಿ ರಕ್ತ. ಇನ್ನೊಂದು ಕೈ ಕೊರಳಿನ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದಿತ್ತು. ನಾವಿಬ್ಬರೂ ಇರುವುದನ್ನು ಕಂಡು ಕೊಂಬೆ ಬಿಸಾಡಿದರು. ಮಗಳ ತಲೆ ಮುಟ್ಟಿದರು, ಭುಜ ಮುಟ್ಟಿದರು, ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಕಲ್ಲೊಂದರ ಮೇಲೆ ಕುಳಿತುಕೊಂಡರು.

"ನಾ ಓಡಿದೆ" ಎಂದರು.

"ಅಪ್ಪಾ, ನೀರು ಕುಡಿ" ಆಕೆ ಕ್ಯಾನು ಚಾಚಿದಳು.

"ನಿನ್ನ ಬಿಟ್ಟು ಓಡಿದೆನವ್ವಾ."

"ಎಲ್ಲಾರೂ ಓಡ್ತಾರಪ್ಪ. ಕುಡಿ ನೀರು."

ಅವರು ಕುಡಿಯಲಿಲ್ಲ. ನನ್ನ ಕಡೆ ತಿರುಗಿದರು. ಬೆಳಗಿನಿಂದ ನನ್ನನ್ನು ಅಳೆಯುತ್ತಿದ್ದ ಕಣ್ಣುಗಳು ಈಗ ನೆಲ ನೋಡುತ್ತಿದ್ದವು. "ಬಿಸಿಲಾಗ ನಡಸಿದ್ರ ಒಳಗಿನ ಮನುಷ್ಯಾ ಹೊರಗ ಬರ್ತಾನ ಅಂತ ಊರಿಗೆಲ್ಲ ಹೇಳಿದ್ದೆ. ಬಂದ ನೋಡ್ರಿ."

ಅಷ್ಟು ದೊಡ್ಡ ಮನುಷ್ಯ ಹಾಗೆ ಕುಳಿತದ್ದನ್ನು ನೋಡಲು ನನ್ನಿಂದ ಆಗಲಿಲ್ಲ. "ಸಾವ್ಕಾರ್ರ, ನಾನೇನೂ ಧೈರ್ಯ ಮಾಡಿ ನಿಂತಿಲ್ರಿ. ಕಾಲು ಹಿಡಿದಿತ್ತು. ಇಲ್ಲಂದ್ರ ನಿಮಗಿಂತ ಮುಂದ ನಾ ಇರ್ತಿದ್ದೆ" ಎಂದೆ.

ಅವರು ತಲೆಯಾಡಿಸಿದರು. "ಎರಡೂ ಕೈ ಚಾಚಿ ಆಕಿಗೆ ಅಡ್ಡ ನಿಂತಿದ್ರಿ. ನಾ ನೋಡೀನಿ."

"ಬೀಳ್ತೀನಂತ ಬಂಡೆಗಲ್ಲು ಹಿಡಿದಿದ್ದೆ ರೀ."

"ಕರಡಿಗೆ ಕೂಗು ಹಾಕಿದ್ರಿ."

"ನೋವಿಗೆ ಕೂಗಿದ್ದು."

"ದೊಡ್ಡವ್ರ ಲಕ್ಷಣ" ಎಂದು ಅವರು ಕೈ ಮುಗಿದುಬಿಟ್ಟರು. ಜೀವನದಲ್ಲಿ ನಾನು ಹೇಳಿದ ಅಪರೂಪದ ನಿಜಗಳಲ್ಲಿ ಒಂದನ್ನು ಅವರು ವಿನಯವೆಂದು ತಿಳಿದರು.

ಕತ್ತಲಾಗುವ ಮುಂಚೆ ಊರು ಸೇರಿದೆವು. ನಾನು ಕುಂಟುತ್ತಾ, ಅವರು ಬರಿಗಾಲಲ್ಲಿ. ಬಾಗಿಲಲ್ಲಿ ನನ್ನನ್ನು ಬೀಳ್ಕೊಡುವಾಗ ಹೇಳಿದರು: "ಇನ್ನ ನಾ ಯಾವ ವರನ್ನೂ ನೋಡೂದಿಲ್ರಿ. ಆ ಯೋಗ್ಯತೆ ನನಗಿಲ್ಲ. ಆಕಿನ್ನ ಕೇಳ್ರಿ."

ಆಕೆಯನ್ನು ಕೇಳುವ ಧೈರ್ಯ ನನಗಿರಲಿಲ್ಲ. ಕೆಲವು ದಿನಗಳ ನಂತರ ಮೊಬೈಲು ನಿಜವಾಗಿಯೇ ರಿಂಗಾಯಿತು.

"ಕಾಲು ಹೆಂಗೈತ್ರಿ?" ಆಕೆಯ ದನಿ.

"ಪರವಾಗಿಲ್ರಿ. ಅವತ್ತು ನಿಜವಾಗ್ಲೂ ಹಿಡಿದಿತ್ರಿ, ನಿಮ್ಮ ತಂದೆಯವರು ನಂಬಲಿಲ್ಲ."

"ನಾ ನಂಬ್ತೀನಿ" ಎಂದಳು. "ನಾ ಹಿಂದನ ಇದ್ನಲ್ರಿ. ನಿಮ್ಮ ಕಾಲು ನಡಗೂದು ಕಾಣ್ತಿತ್ತು." ನಾನು ಮೊಬೈಲನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ. "ನೀವು ‘ಹೌದು, ನಾನ ಅಡ್ಡ ನಿಂತಿದ್ದೆ’ ಅಂತ ಅಂದಿದ್ರ ಈ ಫೋನು ಬರ್ತಿರಲಿಲ್ಲ" ಎಂದು ಇಟ್ಟುಬಿಟ್ಟಳು.

ಮದುವೆಯಾಯಿತು. ಆಮೇಲೆ ಶುರುವಾದದ್ದು ನಾನು ನಿರೀಕ್ಷಿಸದ ಫಜೀತಿ. ಬೇರೆ ಯಾರಾದರೂ ಆಗಿದ್ದರೆ ಆ ಸಂಗತಿಯನ್ನು ಮುಚ್ಚಿಡುತ್ತಿದ್ದರು. ನೋಡಿದ್ದವರು ಮನೆಯವರೇ, ಮುಚ್ಚಿಟ್ಟಿದ್ದರೆ ಮುಗಿಯುತ್ತಿತ್ತು. ಮಾವನವರು ಮಾತ್ರ ಅಂಗಡಿಗೆ ಬಂದ ಗಿರಾಕಿಗಳಿಗೆ, ಬೀಗರಿಗೆ, ಬಸ್ಸಿನಲ್ಲಿ ಪಕ್ಕ ಕುಳಿತವರಿಗೆ ಹೇಳತೊಡಗಿದರು: "ಕರಡಿ ಬಂತ್ರಿ, ನಾ ಮಗಳನ್ನ ಬಿಟ್ಟು ಓಡಿದೆ. ಈ ನಮ್ಮ ಅಳಿಯಂದ್ರು ನಿಂತ್ರು." ವರ್ಷ ಕಳೆದಂತೆ ಕರಡಿ ಬೆಳೆಯಿತು, ಮರಿಗಳೂ ಹುಟ್ಟಿದವು. ಅವರು ಓಡಿದ ದೂರವೂ ಬೆಳೆಯಿತು. ತಮ್ಮ ಓಟವನ್ನು ಎದ್ದು ನಿಂತು, ಧೋತರ ಎತ್ತಿ ಹಿಡಿದು, ಅಂಗಡಿಯ ಉದ್ದಕ್ಕೂ ಅಭಿನಯಿಸಿ ತೋರಿಸುವರು. ಕೇಳಿದವರು ಹೊಟ್ಟೆ ಹಿಡಿದು ನಗುವರು. ನಾನು ನಡುವೆ ಬಾಯಿ ಹಾಕಿ, "ಕಾಲು ಹಿಡಿದಿತ್ರಿ" ಎಂದರೆ ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. ಒಮ್ಮೆ ಸಿಟ್ಟು ಬಂದು, "ಮಾವಾರ, ಎಷ್ಟು ಸಲ ಹೇಳ್ಬೇಕ್ರಿ ನಿಮಗ?" ಎಂದೆ.

"ಕಾಲು ಹಿಡಿದಿತ್ತೋ, ಕೈ ಹಿಡಿದಿತ್ತೋ. ಆಕಿ ಮುಂದ ನಿಂತಿದ್ರಿ ಅಲ್ಲ? ಮುಗೀತು" ಎಂದು ಕೊಡ ಒರೆಸತೊಡಗಿದರು.

ನಗಿಸಲೆಂದು ಅವರು ಅದನ್ನು ಹೇಳುತ್ತಿದ್ದರು ಎಂದೇ ನಾನು ಬಹಳ ಕಾಲ ತಿಳಿದಿದ್ದೆ. ಆದರೆ ಹೆಂಡತಿ ಒಂದು ಸಂಗತಿ ಹೇಳಿದಳು. ಆ ದಿನದ ನಂತರ ಅವರು ಗುಡ್ಡಕ್ಕೆ ಹೋಗುವುದನ್ನು ಬಿಡಲಿಲ್ಲ. ಮಗಳು ಜೊತೆಗಿದ್ದರೆ ಮಾತ್ರ ಎಂದೂ ಆಕೆಯ ಮುಂದೆ ನಡೆಯಲಿಲ್ಲ. ಬಂಡೆಗಳ ನಡುವೆಯಾಗಲಿ, ಕಂಪ್ಲಿಯ ಸಂತೆಯಲ್ಲಾಗಲಿ, ಆಕೆಯನ್ನು ಮುಂದೆ ಬಿಟ್ಟು ಒಂದು ಹೆಜ್ಜೆ ಹಿಂದೆ ಬರುತ್ತಿದ್ದರು. "ನಡಿಯವ್ವ, ನೀ ಕಣ್ಣ ಮುಂದ ಇರು" ಅನ್ನುತ್ತಿದ್ದರಂತೆ.

ಭರಾಟೆ ಮುಗಿಯಿತು. ಗಣಿ ಮುಚ್ಚಿದ ಮೇಲೆ ನಮ್ಮ ಟಿಪ್ಪರುಗಳು ಹೊಸಪೇಟೆಯ ಹೊರವಲಯದಲ್ಲಿ ನಿಂತಲ್ಲೇ ನಿಂತವು, ಅವುಗಳ ನೆರಳಲ್ಲಿ ಎಮ್ಮೆ ಮಲಗತೊಡಗಿದವು. ನೋಡಲು ಓಡುವ ಲಾರಿ ಇಲ್ಲದ ಮೇಲೆ ನನಗೆ ಮಾಡಲು ಬೇರೆ ಕೆಲಸ ಇರಲಿಲ್ಲ. ಮಾವನವರು ಬಂದು, "ಅಂಗಡ್ಯಾಗ ಒಬ್ಬನ ಬ್ಯಾಸರ ಆಗ್ತೈತ್ರಿ. ಕುಂದ್ರಾಕ ಬರ್ರಿ" ಎಂದು ಕರೆದರು. ಹಿಂದಿನ ನನ್ನ ದಿಮಾಕಿನ ಬಗ್ಗೆಯಾಗಲಿ, ಚೀನಾದ ಬಗ್ಗೆಯಾಗಲಿ ಒಂದು ಮಾತೂ ಆಡಲಿಲ್ಲ. ಅಲ್ಲಿ ಕುಳಿತವನು ಇನ್ನೂ ಕುಳಿತಿದ್ದೇನೆ. ಪಾತ್ರೆ ಬಡಿದು ಕೇಳುವುದನ್ನು ಅವರು ಎಷ್ಟೋ ಸಲ ಕಲಿಸಿದರು. ನನ್ನ ಕಿವಿಗೆ ಎಲ್ಲ ಪಾತ್ರೆಗಳೂ ಒಂದೇ ಥರ ಕೇಳುತ್ತವೆ. ಗಿರಾಕಿಗಳ ಎದುರು ಗಂಭೀರವಾಗಿ ಬಡಿದು, ಕಿವಿ ವಾಲಿಸಿ, ಶಾಲೆ ಮುಗಿಸಿ ಬಂದು ಪಕ್ಕದಲ್ಲಿ ಕುಳಿತ ಹೆಂಡತಿಯ ಮುಖ ನೋಡುತ್ತೇನೆ. ಆಕೆ ಹುಬ್ಬು ಏರಿಸಿದರೆ ಆ ಪಾತ್ರೆಯನ್ನು ಪಕ್ಕಕ್ಕಿಡುತ್ತೇನೆ.

ಕಳೆದ ಶ್ರಾವಣದಲ್ಲಿ ಮಾವನವರು ತೀರಿಕೊಂಡರು. ಹೆಚ್ಚು ನರಳಲಿಲ್ಲ. ಪಡಸಾಲೆಯಲ್ಲಿ ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿ ಕೂರಿಸಿದ್ದೆವು. ನನಗೆ ಗೊತ್ತಿಲ್ಲದ ಊರುಗಳಿಂದ, ಗೊತ್ತಿಲ್ಲದ ಜನ ಬರುತ್ತಲೇ ಇದ್ದರು. ಪಾತ್ರೆ ಮಾರುವವನೊಬ್ಬನಿಗೆ ಇಷ್ಟು ಬಳಗ ಹೇಗೆ ಎಂದು ನನಗೆ ಆಶ್ಚರ್ಯ. ಬಂಡ್ರಿಯಿಂದ ಬಂದ ಹಿರಿಯರೊಬ್ಬರು ಬಹಳ ಹೊತ್ತು ಅವರ ಮುಖ ನೋಡುತ್ತಾ ನಿಂತಿದ್ದರು. ಆಮೇಲೆ ನನ್ನ ಹತ್ತಿರ ಬಂದು ಕೇಳಿದರು:

"ನೀವ ಏನ್ರಿ ಅಳಿಯಂದ್ರು?"

"ಹೌದ್ರಿ. ಆದ್ರ ಅವತ್ತು ನನಗ ಕಾಲು ಹಿಡಿದಿತ್ರಿ ಅಜ್ಜಾರ. ಇಲ್ಲಂದ್ರ ನಾನೂ ಓಡ್ತಿದ್ದೆ."

ಎಲ್ಲರಂತೆ ಅವರು ನಗುತ್ತಾರೆಂದು ಕಾದೆ. ಅವರು ನಗಲಿಲ್ಲ.

"ಓಡ್ತಿದ್ರಿ ಬಿಡ್ರಿ" ಎಂದರು. "ನಾವೂ ಓಡೀವಿ, ನಮ್ಮ ನಮ್ಮ ಕಾಲದಾಗ. ಅದನ್ನ ನಾಚಿಕಿ ಬಿಟ್ಟು ಹೇಳಿಕೊಳ್ಳಾಕ ಈ ಪುಣ್ಯಾತ್ಮರ ಅಂಗಡಿ ಒಂದಿತ್ತು."

ಹೆಗಲ ಟವೆಲಿನಿಂದ ಕಣ್ಣೊರೆಸಿಕೊಂಡು, ಚಪ್ಪಲಿ ಮೆಟ್ಟಿ, ಸಮಾಧಿಗೆ ಹೊರಟ ಜನರೊಳಗೆ ಅವರೂ ಸೇರಿಕೊಂಡರು.